ಸಲ್ಲದ ಸಹಾಯ

ಮಾತ್ರೆ ನುಂಗಿ ನಲವತ್ತು ನಿಮಿಷ ಕಳೆದರೂ ಏನೂ ಆಗಲಿಲ್ಲವಲ್ಲ ಎಂದು ಲೈಲ್ ಹಾಗನ್‌ಗೆ ಮೊದಲು ಸಮಾಧಾನವಾಯಿತು, ಆಮೇಲೆ ಮೋಸಹೋದ ಹಾಗೆ ಅನ್ನಿಸಿತು. ಮೇಜಿನ ಮೇಲೆ ನಲವತ್ತೆರಡು ಪ್ರಬಂಧಗಳು ಬಿದ್ದಿದ್ದವು. ಅವುಗಳ ಅಂಕ ನಾಳೆ ಮಧ್ಯಾಹ್ನದೊಳಗೆ ಹೋಗಬೇಕು. ಎರಡು ವಾರದಿಂದ ಅವನು ಈ ರಾಶಿಯನ್ನು ಸಂಜೆ ಮನೆಗೆ ಹೊತ್ತೊಯ್ದು, ಬೆಳಿಗ್ಗೆ ಒಂದು ಹಾಳೆಯನ್ನೂ ಮಗುಚದೆ ಹಾಗೇ ವಾಪಸು ಹೊತ್ತು ತರುತ್ತಿದ್ದ. ಒಮ್ಮೆ ಪಾರ್ಕಿಂಗ್ ಜಾಗದ ಹಿಮದಲ್ಲಿ ಜಾರಿ ಬಿದ್ದಾಗ ಮೇಲಿನ ನಾಲ್ಕು ಹಾಳೆ ಒದ್ದೆಯಾಗಿ ಹಪ್ಪಳದಂತೆ ಉಬ್ಬಿಕೊಂಡಿದ್ದವು. ನಲವತ್ತಾರನೆಯ ವಯಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಮಿನೆಸೋಟದ ಇದೇ ಪುಟ್ಟ ಕಾಲೇಜಿನಲ್ಲಿ ಬರವಣಿಗೆ ಕಲಿಸುತ್ತಿದ್ದರೂ ಅವನ ಕೆಲಸ ಮಾತ್ರ ವರ್ಷಕ್ಕೊಂದು ನವೀಕರಣದ ಕಾಗದದ ಮೇಲೆ ನಿಂತಿತ್ತು. ಪ್ರತಿ ಮಾರ್ಚಿನಲ್ಲಿ ಆ ಕಾಗದ ಬರುವ ತನಕ ಅವನು ಡೀನ್ ಮೇಡಂ ಅವರ ಕಾರಿನ ಗಾಜಿನ ಮೇಲೆ ಕೂತ ಹಿಮವನ್ನೂ ಕೆರೆದು ತೆಗೆಯುತ್ತಿದ್ದ, ಯಾರೂ ಕೇಳಿರದಿದ್ದರೂ. ಮಾತ್ರೆ ಕೊಟ್ಟವನು ಅದೇ ಕೋಣೆಯಲ್ಲಿ ಎದುರು ಮೇಜಿನಲ್ಲಿ ಕೂರುವ ಸಂಖ್ಯಾಶಾಸ್ತ್ರದ ಮಿಚ್ ಬೆಲಾಂಜರ್. ಅವನಿಗೆ ಚಿಕ್ಕಂದಿನಿಂದ ಚಿತ್ತ ನಿಲ್ಲದ ಕಾಯಿಲೆ, ಅದನ್ನು ನಿಲ್ಲಿಸುವ ಈ ಮಾತ್ರೆ ಡಾಕ್ಟರರೇ ಬರೆದುಕೊಟ್ಟದ್ದು. ಕಿತ್ತಳೆ ಬಣ್ಣದ ಡಬ್ಬಿಯನ್ನು ಗಿಲಕಿ ಹಾಗೆ ಆಡಿಸುತ್ತ ಅವನು, "ಏ, ವಿಷ ಅಲ್ಲ ಕಣೋ. ನಿನ್ನ ಮುಖ ನೋಡಿದ್ರೆ ನಾನೇನೋ ಚರ್ಚಿನ ಹುಂಡಿ ಒಡಿ ಅಂದ ಹಾಗಿದೆ. ನನ್ನ ಕ್ಲಾಸಿನ ಅರ್ಧ ಮಕ್ಕಳು ಈ ವಾರ ಇದರ ಮೇಲೇ ಬದುಕಿದ್ದಾರೆ. ನುಂಗು, ಹಾಳಾಗ್ಹೋಗ್ಲಿ," ಎಂದಿದ್ದ. ಲೈಲ್ ತಣ್ಣಗಿನ ಕಾಫಿಯಲ್ಲಿ ನುಂಗಿದ್ದ, ಬಾಗಿಲು ಹಾಕಿಕೊಂಡು.

ಆಮೇಲೆ ಯಾವಾಗಲೋ, ಅವನಿಗೆ ಗೊತ್ತೇ ಆಗದಂತೆ, ಮೊದಲ ಪ್ರಬಂಧ ತುಂಬ ಸ್ವಾರಸ್ಯವಾಗತೊಡಗಿತು. ಮೂರು ಪುಟದ ಬರಹ, ಅಜ್ಜನ ಜೊತೆ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿದದ್ದು. ಪ್ರತಿ ವರ್ಷ ಇಂಥವು ಹನ್ನೆರಡಾದರೂ ಬರುತ್ತವೆ, ಪ್ರತಿಯೊಂದರಲ್ಲೂ ಅಜ್ಜ ಏನೂ ಮಾತಾಡುವುದಿಲ್ಲ. ಆದರೆ ಇವತ್ತು ಲೈಲ್‌ಗೆ, ಅಜ್ಜ ಯಾಕೆ ಮಾತಾಡುವುದಿಲ್ಲ, ಇವನು ಅಜ್ಜನನ್ನು ಯಾಕೆ ಏನೂ ಕೇಳುವುದಿಲ್ಲ, ಮೀನು ಸಿಗದೆ ಹೋಗಿದ್ದರೆ ಇವನು ಇದನ್ನು ಬರೆಯುತ್ತಿದ್ದನೇ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಸಾಲುಗಟ್ಟಿ ಬಂದವು. ಅಂಚಿನಲ್ಲಿ ಬರೆದ, ಅಂಚು ಮುಗಿದ ಮೇಲೆ ಹಾಳೆಯ ಬೆನ್ನಿಗೆ ಬರೆದ, ಅದೂ ಮುಗಿದ ಮೇಲೆ ಬೇರೆ ಹಾಳೆ ತೆಗೆದ. ಅಕ್ಷರಗಳು ಎಷ್ಟು ದುಂಡಗೆ ಬರುತ್ತಿದ್ದವೆಂದರೆ ಒಂದು ಪುಟವನ್ನು ಇನ್ನಷ್ಟು ದುಂಡಗೆ ಮಾಡಲು ಮತ್ತೆ ಬರೆದ. ತಾನು ಹುಟ್ಟಿದ್ದೇ ಇದಕ್ಕೆ ಎಂದು ಅನ್ನಿಸಿತು. ಗೋಡೆಯ ಗಡಿಯಾರ ನೋಡಿದಾಗ ಹನ್ನೊಂದು ಇಪ್ಪತ್ತು, ಮೂರು ಪುಟದ ಪ್ರಬಂಧಕ್ಕೆ ಏಳು ಪುಟದ ಟಿಪ್ಪಣಿ ಆಗಿತ್ತು, ಇನ್ನು ನಲವತ್ತೊಂದು ಬಾಕಿ. ಅವನಿಗೆ ಗಾಬರಿಯಾಗಬೇಕಿತ್ತು. ಗಾಬರಿಯ ಬದಲು ಇನ್ನೊಂದು ಉಪಾಯ ಹೊಳೆಯಿತು: ಎರಡೂವರೆಗೆ ಪರೀಕ್ಷೆಯ ಮೋಸ ವಿಚಾರಿಸುವ ಪ್ರಾಮಾಣಿಕತೆಯ ಸಮಿತಿ ಇದೆಯಲ್ಲ, ಅದಕ್ಕೆ ಒಂದು ಸಲ ನಿಯಮಗಳ ಕೈಪಿಡಿ ನೋಡಿಬಿಡೋಣ, ಎರಡೇ ನಿಮಿಷ. ಅರವತ್ತೆಂಟು ಪುಟವನ್ನು ಮುಖಪುಟದ ಹಿಂದಿನ ಮುದ್ರಣದ ವರ್ಷದಿಂದ ಹಿಡಿದು ಕೊನೆಯ ಅನುಬಂಧದ ತನಕ ಓದಿ ಮುಗಿಸಿದ.

ಆ ಸಮಿತಿಯಲ್ಲಿ ಅವನನ್ನು ಹಾಕಿದ್ದು ಅವನ ಮುಖಕ್ಕಾಗಿ. ಅಗಲ ಹಣೆ, ನೀರಿನಂಥ ಕಣ್ಣು, ಯಾವಾಗಲೂ ಈಗಷ್ಟೇ ಕ್ಷಮೆ ಕೇಳಿದವನಂತೆ ಕಾಣುವ ಬಾಯಿ. ವಿಮಾನ ನಿಲ್ದಾಣಗಳಲ್ಲಿ ಗುರುತು ಪರಿಚಯ ಇಲ್ಲದವರು ತಮ್ಮ ಚೀಲ ನೋಡಿಕೊಳ್ಳಿ ಎಂದು ಅವನ ಬಳಿ ಬಿಟ್ಟು ಹೋಗುತ್ತಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ದೊಡ್ಡ ಕೊಳಗವನ್ನು ಉರುಳಿಸಿದ್ದು ತಾನೇ ಎಂದು ಪಾದ್ರಿಯ ಮುಂದೆ ಅತ್ತುಕೊಂಡು ಹೇಳಿದಾಗ ಪಾದ್ರಿ ಅವನ ತಲೆ ಸವರಿ, "ತಮ್ಮನನ್ನ ಉಳಿಸೋಕೆ ಎಂಥ ಒಳ್ಳೆ ಮನಸ್ಸು," ಎಂದಿದ್ದರು, ತಮ್ಮನಿಗೆ ಎರಡು ವಾರ ಶಿಕ್ಷೆಯಾಗಿತ್ತು. ತಮ್ಮ ಈಗ ಡುಲೂತ್‌ನಲ್ಲಿ ಲಾರಿ ಓಡಿಸುತ್ತಾನೆ, ಕ್ರಿಸ್ಮಸ್‌ಗೆ ಸೇರಿದಾಗಲೆಲ್ಲ ಆ ಮಾತು ತೆಗೆಯುತ್ತಾನೆ. ಭಾನುವಾರಗಳಂದು ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ನಾವು ಪಾಪಿಗಳು ಎಂದು ಒಂದೇ ದನಿಯಲ್ಲಿ ಹೇಳುವಾಗ ಲೈಲ್‌ಗೆ ಹಾಯೆನಿಸುತ್ತಿತ್ತು, ಯಾರ ಪಾಪ ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಎರಡೂವರೆಗೆ ಡೀನ್ ಬೆವರ್ಲಿ ಟಾಫ್ಟ್ ಸಮಿತಿಯ ಕೋಣೆಯಲ್ಲಿ ನಿಂಬೆ ಮಿಠಾಯಿಯ ಚೌಕಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದರು. ಯಾರನ್ನಾದರೂ ಕಾಲೇಜಿನಿಂದ ಹೊರಗೆ ಹಾಕುವ ದಿನ ಅವರು ತಪ್ಪದೆ ಮನೆಯಲ್ಲಿ ಏನಾದರೂ ಬೇಯಿಸಿ ತರುತ್ತಿದ್ದರು. ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಸಮಿತಿಯಲ್ಲಿ ಕೂತಿದ್ದ ಗ್ರೇಡನ್ ಎಂಬ ಕೊನೆಯ ವರ್ಷದ ಹುಡುಗ, ಮುಂದೆ ಲಾಯರಾಗುವವನು, ಈಗಲೇ ಟೈ ಕಟ್ಟಿದ್ದ. "ಲೈಲ್, ಒಂದು ತಗೋ. ನೀನು ಬರಬರ್ತಾ ಸೊರಗ್ತಿದ್ದೀಯ," ಎಂದರು ಡೀನ್. ಲೈಲ್ ತಗೊಂಡ. ಬಾಯಲ್ಲಿ ಎಂಜಲೇ ಇರಲಿಲ್ಲ, ತುಂಡು ಸುಣ್ಣದ ಪುಡಿಯಾಗಿ ಅಂಗುಳಕ್ಕೆ ಮೆತ್ತಿಕೊಂಡು ಅಲ್ಲೇ ಕೂತಿತು. ಮೂರು ಲೋಟ ನೀರು ಕುಡಿದ. ಆಗಲೇ ಡೀನ್ ಎಲ್ಲರೂ ಏಳಿ ಎಂದರು. ವಿಚಾರಣೆಗೆ ಮೊದಲು ಸಮಿತಿಯವರು ಎದ್ದು ನಿಂತು, ಮಕ್ಕಳು ಪ್ರತಿ ಉತ್ತರಪತ್ರಿಕೆಯ ಕೊನೆಗೆ ಕೈಯಾರೆ ಬರೆಯುವ ಅದೇ ಪ್ರತಿಜ್ಞೆಯನ್ನು ಗಟ್ಟಿಯಾಗಿ ಹೇಳುವುದು ಆ ಕಾಲೇಜಿನ ನೂರು ವರ್ಷದ ಪದ್ಧತಿ. ಈ ಪ್ರತಿಜ್ಞೆಯ ಬಲದಲ್ಲೇ ಅಲ್ಲಿ ಪರೀಕ್ಷೆಗೆ ಕಾವಲು ಹಾಕುತ್ತಿರಲಿಲ್ಲ. ಮೇಷ್ಟ್ರು ಪ್ರಶ್ನೆಪತ್ರಿಕೆ ಕೊಟ್ಟು ಮನೆಗೆ ಹೋಗಿಬಿಡುತ್ತಿದ್ದರು. "ಸಲ್ಲದ ಸಹಾಯವನ್ನು ನಾನು ಕೊಟ್ಟಿಲ್ಲ, ಪಡೆದಿಲ್ಲ." ಐದು ವರ್ಷದ ಕೆಳಗೆ, ಇನ್ನೊಬ್ಬರ ಏಕಾಗ್ರತೆಯ ಮಾತ್ರೆಯೂ ಸಲ್ಲದ ಸಹಾಯವೇ ಎಂದು ಸೇರಿಸಿದ್ದರು, ಕೈಪಿಡಿಯ ಮೂವತ್ತೊಂದನೆಯ ಪುಟ, ಮೇಲಿನಿಂದ ಎರಡನೆಯ ಸಾಲು. ಲೈಲ್‌ಗೆ ಪುಟ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವನು ಪ್ರತಿಜ್ಞೆಯನ್ನು ಒಂದು ಚೂರೂ ತಡವರಿಸದೆ, ಉಳಿದಿಬ್ಬರಿಗಿಂತ ಅರ್ಧ ಸಾಲು ಮುಂದೆ, ಸ್ಪಷ್ಟವಾಗಿ ಹೇಳಿ ಮುಗಿಸಿದ. ನಾಚಿಕೆಯಿಂದ ಕಿವಿಯ ತುದಿ ಸುಟ್ಟಿತು. ಇಷ್ಟು ಸುಲಭವೇ ಇದು ಎಂದು ಬೆರಗೂ ಆಯಿತು.

ಆಪಾದನೆ ಹೊತ್ತು ಬಂದವಳು ಜೋಲೀನ್ ಪ್ರ್ಯೂಟ್, ಎರಡನೆಯ ವರ್ಷದವಳು. ಲೈಲ್ ಅವಳನ್ನು ಊಟದ ಕೋಣೆಯಲ್ಲಿ ನೋಡಿದ್ದ, ಬೆಳಗಿನ ಐದೂವರೆಯಿಂದ ತಲೆಗೆ ಬಲೆ ಕಟ್ಟಿಕೊಂಡು ಮೊಟ್ಟೆಯ ಪಲ್ಯ ಬಡಿಸುವ ಹುಡುಗಿ. ಅವಳನ್ನು ಯಾರೂ ಹಿಡಿದಿರಲಿಲ್ಲ, ಯಾರೂ ಚಾಡಿ ಹೇಳಿರಲಿಲ್ಲ. ರಸಾಯನಶಾಸ್ತ್ರದ ಪರೀಕ್ಷೆ ಬರೆದು ಕೊನೆಗೆ ಪ್ರತಿಜ್ಞೆಯ ಜಾಗದಲ್ಲಿ ಅವಳೇ, "ಸಲ್ಲದ ಸಹಾಯ ಕೊಟ್ಟಿಲ್ಲ, ಪಡೆದಿಲ್ಲ, ರೂಮ್‌ಮೇಟಿನ ಒಂದು ಮಾತ್ರೆ ಬಿಟ್ಟು," ಎಂದು ಬರೆದು ಸಹಿ ಹಾಕಿದ್ದಳು. ಆ ಹಾಳೆ ಈಗ ಮೇಜಿನ ನಡುವೆ ಪ್ಲಾಸ್ಟಿಕ್ ಕವಚದಲ್ಲಿತ್ತು. ಕಾಲೇಜಿನಲ್ಲಿ ಆ ವಾರ ಆ ಮಾತ್ರೆ ನುಂಗಿದವರು ಎಷ್ಟು ನೂರೋ, ಹಾಗೆಂದು ಬರೆದವಳು ಇವಳೊಬ್ಬಳೇ.

"ಯಾಕಮ್ಮ ಬರೆದೆ?" ಎಂದು ಕೇಳಿದರು ಡೀನ್, ನಿಜವಾದ ಕುತೂಹಲದಿಂದ.

"ಅಲ್ಲಿ ಬರೀಬೇಕು ಅಂತ ಇತ್ತು, ಬರೆದೆ."

"ಹಾಗಲ್ಲ. ತಪ್ಪು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು ಮೇಡಂ. ಅದಕ್ಕೇ ಬರೆದದ್ದು. ನಿಂತಲ್ಲೇ ನಿದ್ದೆ ಬರ್ತಿತ್ತು, ನುಂಗಿದೆ. ಆಮೇಲೆ ಕೊನೇಲಿ ಆ ಸಾಲು ಬಂತು. ಸುಳ್ಳು ಬರೆಯೋಕೆ ಹೋದೆ, ಕೈ ಬರಲಿಲ್ಲ."

ಗ್ರೇಡನ್ ಗಂಟಲು ಸರಿಮಾಡಿಕೊಂಡು, ಪ್ರಾಮಾಣಿಕವಾಗಿ ಒಪ್ಪಿದ್ದನ್ನು ಮೆಚ್ಚಬೇಕು, ಆದರೆ ಒಪ್ಪಿಕೊಂಡ ಮೇಲೆ ಸಾಕ್ಷಿಯ ಅಗತ್ಯವೇ ಬೀಳುವುದಿಲ್ಲ ಎಂದ. ಶಿಕ್ಷೆ ಒಂದು ಟರ್ಮಿನ ಅಮಾನತು. ಒಂದು ಟರ್ಮ್ ತಪ್ಪಿದರೆ ಅವಳ ವಿದ್ಯಾರ್ಥಿವೇತನ ಹೋಗುತ್ತದೆ, ಅದು ಹೋದರೆ ಅವಳು ತನ್ನೂರಿನ ಟರ್ಕಿ ಕೋಳಿಯ ಕಾರ್ಖಾನೆಗೆ ವಾಪಸು, ಅಮ್ಮ ನಿಲ್ಲುವ ಸಾಲಿನಲ್ಲೇ ರೆಕ್ಕೆ ಕತ್ತರಿಸಲು. ಅದನ್ನು ಅವಳು ಅಳದೆ, ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದಳು. ಹೇಳುವಾಗ ಅವಳ ಕಣ್ಣು ಲೈಲ್‌ನ ದವಡೆಯ ಮೇಲಿತ್ತು. ತಾನು ಹಲ್ಲು ಕಡಿಯುತ್ತಿದ್ದೇನೆಂದು ಲೈಲ್‌ಗೆ ಆಗ ತಿಳಿಯಿತು, ನಿಲ್ಲಿಸಿದ, ಮತ್ತೆ ತಾನಾಗಿಯೇ ಶುರುವಾಯಿತು. ನಾಲ್ಕನೆಯ ಲೋಟ ನೀರಿಗೆ ಕೈ ಚಾಚಿದ. ಅವಳು ಲೋಟವನ್ನು ನೋಡಿದಳು, ಅವನು ಒಂದು ಚೂರು ಕಚ್ಚಿ ಬಿಟ್ಟ ಮಿಠಾಯಿಯನ್ನು ನೋಡಿದಳು, ಆಮೇಲೆ ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿದಳು. ಅವನಿಗೆ ಬಟ್ಟೆ ಇಲ್ಲದೆ ಕೂತ ಹಾಗಾಯಿತು.

ಅವನು ಮಾತಾಡಲು ಹೊರಟದ್ದು ಧೈರ್ಯದಿಂದಲೋ, ಹೆದರಿಕೆಯಿಂದಲೋ, ಮಾತ್ರೆಯಿಂದಲೋ ಅವನಿಗೇ ತಿಳಿಯದು. ಹುಡುಗಿಯನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದ ಕೂಡಲೇ ಮಾತು ಹೊರಟುಬಿಟ್ಟಿತು. "ಇವತ್ತು ಬೆಳಿಗ್ಗೆ ಎಂಟು ಗಂಟೆಗೆ, ಇನ್ನೊಬ್ಬರ ಡಬ್ಬಿಯಿಂದ ಮಾತ್ರೆ ತಗೊಂಡು ನುಂಗಿ ನಾನು ಇಲ್ಲಿ ಬಂದು ಕೂತಿದ್ದೀನಿ," ಎಂದ. "ಬಾಗಿಲು ಹಾಕಿಕೊಂಡು ನುಂಗಿದೆ. ಆಮೇಲೆ ಈ ಕೋಣೇಲಿ ಎದ್ದು ನಿಂತು ಪ್ರತಿಜ್ಞೆ ಹೇಳಿದೆ. ನಾಲಿಗೆ ತಡವರಿಸಲಿಲ್ಲ. ಅವಳಿಗೆ ಸುಳ್ಳು ಬರೆಯೋಕೆ ಕೈ ಬರಲಿಲ್ಲ, ನನಗೆ ಹೇಳೋಕೆ ಬಾಯಿ ಬಂತು. ಆ ಕುರ್ಚೀಲಿ ಕೂರಬೇಕಾದವನು ನಾನು, ಈ ಕುರ್ಚೀಲಿ ಅವಳು." ಹೇಳುತ್ತ ಹೋದಂತೆ ಮಾತುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಬಂದು ಕೂರುತ್ತಿದ್ದವು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ದನಿ ತಾನಾಗಿ ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷದ ಪಾಠದಲ್ಲಿ ಒಂದು ದಿನವೂ ಅವನು ಹೀಗೆ ಮಾತಾಡಿರಲಿಲ್ಲ. ಮುಗಿಸಿ ಕುರ್ಚಿಗೆ ಒರಗಿದ. ಆಯಿತು, ಕೆಲಸ ಹೋಯಿತು, ಮಾರ್ಚಿನ ಕಾಗದ ಇನ್ನು ಬರುವುದಿಲ್ಲ ಎಂದುಕೊಂಡ. ಅದರಿಂದ ಅವನಿಗೆ ಹಗುರೆನಿಸಿತು.

ಡೀನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅವಳ ಜಾಗದಲ್ಲಿ ತನ್ನನ್ನ ಇಟ್ಟುಕೊಂಡು ನೋಡೋದು ಅಂದ್ರೆ ಇದು. ಇಷ್ಟು ವರ್ಷದಲ್ಲಿ ಯಾರೂ ಈ ಮೇಜಿನ ಮುಂದೆ ಹೀಗೆ ಮಾತಾಡಿಲ್ಲ ಲೈಲ್."

"ಮೈ ಜುಂ ಅಂತು ಸರ್," ಎಂದ ಗ್ರೇಡನ್.

"ಇಲ್ಲ ಬೆವರ್ಲಿ, ನಾನು ನಿಜವಾಗಿ..."

"ನಿಜವಾಗಿ. ಗೊತ್ತು. ನಮ್ಮೆಲ್ಲರ ಮನಸ್ಸಲ್ಲೂ ಆ ಮಾತ್ರೆ ಇದ್ದೇ ಇದೆ." ಅವರು ಅವನ ಕೈ ಮೇಲೆ ಕೈಯಿಟ್ಟರು. "ಮೊದಲನೇ ವರ್ಷದ ಮಕ್ಕಳಿಗೆ ಇದನ್ನ ಓದಿ ಹೇಳಬೇಕು."

ಲೈಲ್ ಬಾಯಿ ತೆರೆದ. ಮತ್ತೊಂದು ಸಲ, ಚಪ್ಪಟೆಯಾಗಿ, ಅಲಂಕಾರ ಇಲ್ಲದೆ, ಮಿಚ್‌ನ ಹೆಸರು ಹಿಡಿದು ಹೇಳಿದರೆ ಸಾಕಿತ್ತು. ಆದರೆ ಅವನ ಎದೆಯೊಳಗೆ ಆಗ ಇದ್ದದ್ದು, ಹೇಳಿಕೊಳ್ಳಲು ಅಸಹ್ಯವಾಗುತ್ತದೆ, ಸಂತೋಷ. ತಪ್ಪು ಒಪ್ಪಿಕೊಂಡದ್ದೂ ಆಯಿತು, ಕೆಲಸ ಉಳಿದದ್ದೂ ಆಯಿತು, ಮೇಲೆ ಹೊಗಳಿಕೆ ಬೇರೆ. ಬಾಯಿ ಮುಚ್ಚಿದ. ಮತ ಹಾಕಿದಾಗ ಅವನು ಹುಡುಗಿಯ ಪರ, ಉಳಿದಿಬ್ಬರು ವಿರುದ್ಧ. ಮನಸ್ಸು ಎಷ್ಟು ಕರಗಿದರೂ ನಿಯಮ ನಿಯಮವೇ ಎಂದರು ಡೀನ್. ತೀರ್ಪಿನ ಹಾಳೆ ಐದು ಗಂಟೆಗೆ ನೋಂದಣಿ ಕಚೇರಿಗೆ ಹೋಗಬೇಕಿತ್ತು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಜೋಲೀನ್ ಕೋಟು ಹಾಕಿಕೊಂಡು ಕೂತಿದ್ದಳು. ಡೀನ್ ಆಗಲೇ ಅವಳಿಗೆ ತೀರ್ಪು ಹೇಳಿ ಒಂದು ನಿಂಬೆ ಮಿಠಾಯಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು, ಅದು ಅವಳ ತೊಡೆಯ ಮೇಲಿತ್ತು. ಲೈಲ್ ತಲೆ ತಗ್ಗಿಸಿ ದಾಟಿ ಹೋಗಬೇಕೆಂದಿದ್ದ.

"ಎಷ್ಟು ಮಿಲಿಗ್ರಾಮಿನ ಮಾತ್ರೆ ಸರ್? ಇಪ್ಪತ್ತರದ್ದಾ?"

ಅವನು ನಿಂತ. ಸುತ್ತ ಯಾರೂ ಇರಲಿಲ್ಲ. "ಗೊತ್ತಿಲ್ಲ," ಎಂದ.

"ಗೊತ್ತಿಲ್ಲದೆ ನುಂಗಿದ್ರಾ? ಇಷ್ಟು ಓದಿದೋರು!" ಅವಳು ನಾಲಿಗೆ ಚಪ್ಪರಿಸಿದಳು, ಮೊಟ್ಟೆ ಬಡಿಸುವಾಗ ಸಾಲು ತಪ್ಪಿಸಿ ಬರುವವರಿಗೆ ಚಪ್ಪರಿಸುವ ಹಾಗೆ. "ಹಸಿವಿಲ್ಲ ಅನ್ನಿಸಿದ್ರೂ ಏನಾದ್ರೂ ತಿನ್ನಿ. ಇಲ್ಲಾಂದ್ರೆ ಸಂಜೆಗೆ ತಲೆ ಸಿಡಿಯುತ್ತೆ."

"ಒಳಗೆ ಹೇಳಿದೆ," ಎಂದ ಲೈಲ್. ಯಾಕೋ ಅವಳಿಗೆ ಅದು ಗೊತ್ತಾಗಲೇಬೇಕೆನಿಸಿತು. "ನುಂಗಿದ್ದೀನಿ ಅಂತ ಎಲ್ಲಾ ಹೇಳಿದೆ. ಅವರು ನಂಬಲಿಲ್ಲ."

ಜೋಲೀನ್ ಮಿಠಾಯಿಯ ಪೊಟ್ಟಣವನ್ನು ಬೆಂಚಿನ ಮೇಲೆ ಸರಿಸಿಟ್ಟಳು. "ನೀವು ಒಂದು ಭಾಷಣ ಮಾಡಿದ್ರಿ, ನಂಬಲಿಲ್ಲ. ನಾನು ಅರ್ಧ ಸಾಲು ಬರೆದೆ, ತಕ್ಷಣ ನಂಬಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಚುಚ್ಚಿತು.

ಆಗ ಅವನಿಗೆ ಒಂಬತ್ತನೆಯ ನಿಯಮ ನೆನಪಾಯಿತು, ಐವತ್ತನಾಲ್ಕನೆಯ ಪುಟ: ಸಮಿತಿಯವರಲ್ಲಿ ಒಬ್ಬರು ಪ್ರತಿಜ್ಞೆ ಮುರಿದದ್ದು ತೀರ್ಪು ನೋಂದಣಿ ಕಚೇರಿ ಸೇರುವ ಮೊದಲೇ ತಿಳಿದರೆ ಇಡೀ ವಿಚಾರಣೆ ರದ್ದು, ಮುಂದಿನ ಟರ್ಮಿನ ಕೊನೆಗೆ ಹೊಸ ಸಮಿತಿ, ಅಲ್ಲಿಯ ತನಕ ವಿದ್ಯಾರ್ಥಿ ಎಂದಿನಂತೆ ಕಲಿಯಬಹುದು. ಅವನು ಅದನ್ನು ಒಂದೇ ಉಸಿರಿಗೆ ಅವಳಿಗೆ ಹೇಳಿದ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ತಿಳಿಯಿತು.

"ಹಾಗಾದ್ರೆ ಒಳಗೆ ಹೋಗಿ ಅವರು ನಂಬೋ ಹಾಗೆ ಹೇಳಿ ಬನ್ನಿ," ಎಂದಳು ಜೋಲೀನ್. "ಚೆಂದ ಮಾಡಬೇಡಿ. ಯಾರ ಡಬ್ಬಿ, ಎಷ್ಟು ಹೊತ್ತಿಗೆ, ಅಷ್ಟೇ. ಈಗಿನ್ನೂ ನಾಲ್ಕು ಗಂಟೆ, ಐದಕ್ಕೆ ತಾನೇ ಹಾಳೆ ಹೋಗೋದು. ನಾನಿಲ್ಲೇ ಕೂತಿರ್ತೀನಿ."

ಅವನು ಹೋದ, ನಿಜವಾಗಿ ಹೋದ. ಬಾಗಿಲಿನ ತಣ್ಣಗಿನ ಹಿಡಿಯನ್ನು ಹಿಡಿದಾಗ ಮನೆಯ ಕಂತು, ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ ಎಂಬ ಯೋಚನೆ, ಡುಲೂತ್‌ನ ತಮ್ಮ ಕ್ರಿಸ್ಮಸ್ ಊಟದಲ್ಲಿ ನಗುವ ನಗು, ಎಲ್ಲ ಒಂದು ಸಲ ಬಂದು ಹೋದವು, ಆದರೂ ಹಿಡಿ ತಿರುಗಿಸಿದ. ಒಳಗೆ ಗ್ರೇಡನ್ ಹೊರಟುಹೋಗಿದ್ದ. ಡೀನ್ ಒಬ್ಬರೇ ಕೂತು ಒಂದು ಹಾಳೆಯಲ್ಲಿ ಏನೋ ಗೀಚುತ್ತಿದ್ದರು. "ಬೆವರ್ಲಿ, ಒಂದು ಮಾತು," ಎಂದ. "ಸರಿಯಾದ ಹೊತ್ತಿಗೆ ಬಂದೆ," ಎಂದರು ಅವರು. "ನೀನು ಹೇಳಿದ್ದನ್ನ ಮರೆಯೋ ಮೊದಲು ಬರೆದಿಡ್ತಿದ್ದೆ. ಹೊಸ ಕೈಪಿಡಿಯ ಮೊದಲ ಪುಟಕ್ಕೆ. ನಿನ್ನ ಹೆಸರು ಹಾಕಿ. ನೋಡು, ಸರಿಯಾಗಿದೆಯಾ?" ಹಾಳೆಯನ್ನು ಅವನ ಕಡೆ ತಿರುಗಿಸಿದರು.

ಸರಿಯಾಗಿರಲಿಲ್ಲ. 'ಬಾಗಿಲು ಹಾಕಿಕೊಂಡು' ಎಂಬುದನ್ನು ಬಿಟ್ಟುಬಿಟ್ಟಿದ್ದರು, ಇಡೀ ಮಾತಿನ ಜೀವವೇ ಅಲ್ಲಿತ್ತು. ಕೈ ಮತ್ತು ಬಾಯಿಯ ವಾಕ್ಯವನ್ನು ಮೊದಲಿಗೇ ತಂದು ಹಾಕಿ ಕೊನೆಯನ್ನು ಜೊಳ್ಳು ಮಾಡಿದ್ದರು. ಇದೊಂದನ್ನು ಸರಿಮಾಡಿ ಆಮೇಲೆ ಹೇಳಿಬಿಡೋಣ, ಎರಡೇ ನಿಮಿಷ ಎಂದುಕೊಂಡು ಲೈಲ್ ನಿಂತಲ್ಲೇ ಬಾಗಿ ಪೆನ್ನು ತೆಗೆದ. ಒಂದು ಪದ ಹೊಡೆದು ಹಾಕಿದ. ಅದನ್ನು ಹೊಡೆದದ್ದರಿಂದ ಮುಂದಿನ ವಾಕ್ಯದ ಲಯ ಕೆಟ್ಟಿತು, ಅದನ್ನು ಸರಿಮಾಡಲು ಕುರ್ಚಿ ಎಳೆದುಕೊಂಡು ಕೂತ. ಎಂಟು ಗಂಟೆ ಎಂದು ಮೊದಲೇ ಹೇಳಿದರೆ ಒಳ್ಳೆಯದೋ, ಇಲ್ಲ ಡಬ್ಬಿ ಮೊದಲು ಬಂದು ಗಂಟೆ ಆಮೇಲೆ ಬರಬೇಕೋ? ಎರಡು ರೀತಿಯಲ್ಲೂ ಬರೆದು ನೋಡಿದ, ಮೂರನೆಯದೊಂದು ಹೊಳೆಯಿತು, ಅದು ಎರಡಕ್ಕಿಂತ ಚೆನ್ನಾಗಿತ್ತು. ಕೊನೆಯ ಕುರ್ಚಿಯ ಮಾತು ಇದ್ದರೆ ನಾಟಕವಾಗುತ್ತದೆ, ಇಲ್ಲದಿದ್ದರೆ ಬೋಳಾಗುತ್ತದೆ. ಇಟ್ಟ, ತೆಗೆದ, ಮತ್ತೆ ಇಟ್ಟ. ಯಾರೋ ಭುಜ ತಟ್ಟಿದ ಹಾಗಾಯಿತು. "ಮುಗಿಸಿ ಮೇಜಿನ ಮೇಲೆ ಇಟ್ಟು ಹೋಗು, ಬಾಗಿಲು ಎಳ್ಕೋ," ಎಂಬ ಮಾತು ಬಹಳ ದೂರದಿಂದ ಕೇಳಿತು, ಅವನು ತಲೆಯೆತ್ತದೆ ಹೂಂ ಎಂದ. ಆರನೆಯ ಸಲ ಶುದ್ಧ ಪ್ರತಿ ಬರೆದು ಪೂರ್ಣವಿರಾಮ ಇಟ್ಟಾಗ ಹತ್ತೊಂಬತ್ತು ವರ್ಷದಲ್ಲಿ ತಾನು ಬರೆದದ್ದರಲ್ಲೆಲ್ಲ ಒಳ್ಳೆಯದು ಇದೇ ಎಂದು ಅವನಿಗೆ ಖಾತ್ರಿಯಾಯಿತು, ಅದು ನಿಜವೂ ಆಗಿತ್ತು. ತಲೆಯೆತ್ತಿದ. ಕಿಟಕಿಯಾಚೆ ಕತ್ತಲಾಗಿತ್ತು, ಡೀನ್ ಇರಲಿಲ್ಲ, ತೀರ್ಪಿನ ಹಾಳೆ ಇರಲಿಲ್ಲ. ಗೋಡೆಯ ಮೇಲೆ ಐದು ಹದಿನೈದು.

ಹೊರಗೆ ಬಂದಾಗ ಜೋಲೀನ್ ಇನ್ನೂ ಬೆಂಚಿನ ಮೇಲೇ ಇದ್ದಳು. ಡೀನ್ ತೀರ್ಪಿನ ಕವರು ಹಿಡಿದು ನೋಂದಣಿ ಕಚೇರಿಯ ಕಡೆ ನಡೆದು ಹೋದದ್ದು ಅವಳ ಮುಂದೆಯೇ ಇರಬೇಕು. ಲೈಲ್ ನೋಯುವ ದವಡೆ ಒತ್ತಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು ನಿಂತ. ನನ್ನ ಕೈಲಿ ಆಗಲಿಲ್ಲ ಎನ್ನಲು ಹೋದ, ಅದೂ ಸುಳ್ಳಾಗುತ್ತಿತ್ತು, ಅವನು ಪ್ರಯತ್ನವನ್ನೇ ಮಾಡಿರಲಿಲ್ಲ. ಅವಳು ಕೈ ಚಾಚಿದಳು. ಅವನು ಹಾಳೆ ಕೊಟ್ಟ. ಟ್ಯೂಬ್‌ಲೈಟಿನ ಕೆಳಗೆ ಅವಳು ಅದನ್ನು ಮೊದಲಿನಿಂದ ಕೊನೆಯ ತನಕ ಅವಸರ ಮಾಡದೆ ಓದಿದಳು, ಒಂದೆಡೆ ಹಿಂದೆ ಹೋಗಿ ಮತ್ತೊಮ್ಮೆ ಓದಿದಳು. ಎಲ್ಲಿ ಓದುತ್ತಿದ್ದಾಳೆ, ಯಾವ ವಾಕ್ಯ ಹಿಡಿಸಿತು ಎಂದು ಅವಳ ಮುಖದಲ್ಲಿ ಹುಡುಕುತ್ತಿರುವುದು ಅವನಿಗೇ ಅರಿವಾಗಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಹುಡುಕುವುದು ನಿಲ್ಲಲಿಲ್ಲ.

"ತುಂಬಾ ಚೆನ್ನಾಗಿದೆ ಸರ್," ಎಂದಳು ಅವಳು, ಹಾಳೆಯನ್ನು ಮಡಿಸದೆ, ಮಾಸದಂತೆ ಎರಡು ಬೆರಳಲ್ಲಿ ಹಿಡಿದು ವಾಪಸು ಕೊಡುತ್ತ. "ಇನ್ನು ಯಾರೂ ನಂಬಲ್ಲ."